ನೆಲೆಯ ಮಹಿಮೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಯೀಸ್ಟಿನ ಮಾತೇಕೆಂದು ಸಹೃದಯರು ಕೇಳಬಹುದು. ನಾವು ಕಲಾ ಪದವೀಧರರು, ಚರಿತ್ರೆಯನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತರಾದವರು. ಬೆಂಗಳೂರಿನಲ್ಲಿ ಜೀವವಿಜ್ಞಾನ ಓದುತ್ತಿರುವ ಮೊಮ್ಮಗಳು ತಿಳಿಸಿದ ಸಂಗತಿಯೊಂದು ಬಹುದಿನ ಮನಸ್ಸಿನಲ್ಲಿ ನಿಂತುದರಿಂದ ಅದನ್ನಿಲ್ಲಿ ನಿವೇದಿಸುತ್ತಿದ್ದೇವೆ.

ಈಚಲ ಹೆಂಡವನ್ನು ಹುಳಿಯಿಸುವುದೂ ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವುದೂ ಯೀಸ್ಟೆಂಬ ಏಕಕೋಶ ಜೀವಿ. ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ಅದರ ಗಾತ್ರ. ಸಕ್ಕರೆ ಹೇರಳವಾಗಿದ್ದರೆ ಸುಮಾರು 90 ನಿಮಿಷಕ್ಕೆ ಒಂದು ಎರಡಾಗುತ್ತದೆ. ಆಹಾರ ತೀರಿದರೆ ಬೆಳವಣಿಗೆಯನ್ನು ತಡೆದುಕೊಂಡು ಕಾಯುತ್ತದೆ. ಕಣ್ಣು ಕಿವಿಗಳಿಲ್ಲದ ಇದಕ್ಕೆ ಸುಗ್ಗಿ ಯಾವುದು, ಬರ ಯಾವುದು ಎಂದು ತಿಳಿಸುವವರಾರು? ಸಂದೇಶವಾಹಕ ಪ್ರೋಟೀನುಗಳು. ಅವು ಎಷ್ಟಿವೆ ಎಂಬುದರಂತೆಯೇ ಎಲ್ಲಿವೆ ಎಂಬುದೂ ಮುಖ್ಯವಂತೆ.

ಎಂಎಸ್‌ಎನ್2 ಎಂಬ ಪ್ರೋಟೀನು ಸುಭಿಕ್ಷ ಕಾಲದಲ್ಲಿ ಕೋಶಕೇಂದ್ರದ ಹೊರಗಿರುತ್ತದೆ. ಹಸಿವೋ ಶಾಖವೋ ಬಾಧಿಸಿದೊಡನೆ, ಕೆಲವೇ ನಿಮಿಷಗಳಲ್ಲಿ, ಒಳಹೊಕ್ಕು ರಕ್ಷಣೆಯ ಜೀನುಗಳನ್ನು ಎಚ್ಚರಿಸುತ್ತದೆ. ಬೆಳವಣಿಗೆ ಹಿಂದಾಗಿ ಉಳಿವು ಮುಂದಾಗುತ್ತದೆ. 1991ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, ಯೀಸ್ಟಿನಲ್ಲಿಯೇ ಪತ್ತೆಯಾದ ಟಾರ್ ಪ್ರೋಟೀನಿನ ಕಥೆ ಇನ್ನೂ ಸ್ವಾರಸ್ಯಕರ. ರಸದಾನಿಯ ಪೊರೆಯ ಮೇಲಿರುವ ಟಾರ್ ಹೊಸ ಪ್ರೋಟೀನುಗಳ ತಯಾರಿಕೆಗೆ ಇಂಬು ಕೊಡುತ್ತದೆ. ಎಂಡೋಸೋಮೆಂಬ ಸಾಗಣೆಯ ಚೀಲಗಳ ಮೇಲಿರುವ ಟಾರ್, ಕೋಶವು ತನ್ನ ಭಾಗಗಳನ್ನೇ ಕರಗಿಸಿ ಉಣ್ಣುವುದನ್ನು ತಡೆಯುತ್ತದೆ. ಪ್ರೋಟೀನು ಒಂದೇ, ನೆಲೆ ಬೇರೆಯಾದಂತೆ ಕಾರ್ಯವೂ ಬೇರೆ. 2003ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು, ಜೆಲ್ಲಿ ಮೀನಿನಿಂದ ಪಡೆದ ಹಸಿರು ಹೊಳಪಿನ ಪ್ರೋಟೀನನ್ನು ಜೋಡಿಸಿ, ಯೀಸ್ಟಿನ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ನೆಲೆಗಳನ್ನು ಗುರುತಿಸಿದರು.

ಇದನ್ನು ಕೇಳಿದಾಗ ನಮ್ಮ ಕಂಬದೂರು ಸೀಮೆಯ ಕನ್ನಡ ನೆನಪಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಮೈಸೂರಿಗೆ ಸೇರಿತು, ಅನಂತಪುರ ಆಂಧ್ರಕ್ಕೆ ಸೇರಿತು. ಮಾತು ಅದೇ ಇದ್ದು ಅದರ ನೆಲೆ ಮಾತ್ರ ಬದಲಾಯಿತು. ಅನೇಕ ಮನೆಗಳಲ್ಲಿ ಕನ್ನಡವೀಗ ಅಡುಗೆಮನೆಯನ್ನು ದಾಟುವುದಿಲ್ಲ. ಹಿರಿಯರು ಆಡುತ್ತಾರೆ, ಮೊಮ್ಮಕ್ಕಳು ಅರ್ಥ ಮಾಡಿಕೊಂಡು ತೆಲುಗಿನಲ್ಲಿ ಉತ್ತರಿಸುತ್ತಾರೆ. ತೆಲುಗು ನಮಗೆ ಅನ್ನವಿತ್ತ ಭಾಷೆ, ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಓದು ಬರಹಕ್ಕೆ ಬಾರದ ಭಾಷೆ ಅಜ್ಜಿಯರೊಡನೆಯೇ ಮುಗಿದುಹೋದೀತೆಂಬ ಅಳುಕಿದೆ.

ಎಷ್ಟು ಮಂದಿ ಕನ್ನಡ ಬಲ್ಲರೆಂಬ ಎಣಿಕೆಯೊಂದೇ ಸಾಲದು. ಅದನ್ನು ಎಲ್ಲೆಲ್ಲಿ ಬಳಸುತ್ತಾರೆಂದೂ ನೋಡಬೇಕು. ಮದುವೆಯ ಕರೆಯೋಲೆಯಲ್ಲಿ, ಅಂಗಡಿಯ ಲೆಕ್ಕದ ಪುಸ್ತಕದಲ್ಲಿ, ಮಕ್ಕಳು ನಿತ್ಯ ಓದುವ ಒಂದು ಪುಟದಲ್ಲಿ ಕನ್ನಡಕ್ಕೆ ಸ್ಥಳ ಕೊಡೋಣ. ಬರಗಾಲದಲ್ಲಿ ಬದುಕುವ ಜೀವಿ ರಕ್ಷಣೆಯ ಸಂದೇಶವನ್ನು ತನ್ನ ಕೇಂದ್ರಕ್ಕೇ ಒಯ್ಯುತ್ತದೆ. ಬರವನ್ನು ಚೆನ್ನಾಗಿ ಬಲ್ಲ ಈ ಸೀಮೆಯ ಜನರಾದ ನಮಗೆ ಅಷ್ಟು ಜಾಣತನ ಅಸಾಧ್ಯವೇನಲ್ಲ.