ಸ್ಟೆಂಟ್ ಹಾಕಿದ ಮೇಲಿನ ತಲೆನೋವು

ಅಪ್ಪನ ಕತ್ತಿನ ಎಡಭಾಗದಲ್ಲಿ, ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿ ಕೊಬ್ಬು ಕಟ್ಟಿ ಬಹುಪಾಲು ಮುಚ್ಚಿಹೋಗಿತ್ತು. ಅನ್ನ ಕಲಸುತ್ತಿದ್ದ ಬಲಗೈ ತಟ್ಟೆಯಲ್ಲೇ ಸೋತು, ಮಾತು ತೊದಲಿ, ಸ್ವಲ್ಪ ಹೊತ್ತಿನಲ್ಲಿ ಸರಿಹೋಗಿತ್ತು. ಪರೀಕ್ಷೆಯ ನಂತರ ಸ್ಟೆಂಟ್ ಎಂದು ತೀರ್ಮಾನವಾಯಿತು.

ನಾನು ಓದಿಕೊಂಡೇ ಒಪ್ಪಿದ್ದೆ. ಅಮೆರಿಕ, ಕೆನಡಾಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಕ್ರೆಸ್ಟ್ ಅಧ್ಯಯನದಲ್ಲಿ, ಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ಸ್ಟೆಂಟ್ ಹಾಕಿಸಿಕೊಂಡ 100 ಮಂದಿಯಲ್ಲಿ ಸುಮಾರು 4 ಮಂದಿಗೆ ಪಾರ್ಶ್ವವಾಯು ಆಗಿತ್ತು. ಕತ್ತು ತೆರೆದು ಕೊಬ್ಬು ತೆಗೆಸಿಕೊಂಡವರಲ್ಲಿ 2ಕ್ಕೆ ತುಸು ಮೇಲೆ. ಹೃದಯಾಘಾತ ಮಾತ್ರ ಆಪರೇಷನ್ ಆದವರಲ್ಲೇ ಹೆಚ್ಚು. ನನ್ನ ಭಯವೆಲ್ಲ ಸ್ಟೆಂಟ್ ಹಾಕುವ ಹೊತ್ತಿನದು: ಕೊಬ್ಬಿನ ಚೂರು ಕಿತ್ತು ಮಿದುಳಿಗೆ ಹೋದರೆ? ಅದನ್ನು ಹಿಡಿಯಲು ಸಣ್ಣ ಜಾಲರಿ ಇಟ್ಟರು. ಬಲೂನು ಉಬ್ಬಿದಾಗ ನಾಡಿ ಇಳಿಯಿತು, ಔಷಧಿ ಕೊಟ್ಟು ಸರಿಮಾಡಿದರು. ಅಪ್ಪ ಮಾತಾಡುತ್ತಲೇ ಹೊರಬಂದರು. ಗಂಡಾಂತರ ಕಳೆಯಿತು ಅಂದುಕೊಂಡೆ.

ಡಿಸ್ಚಾರ್ಜ್ ಹಾಳೆಯಲ್ಲಿ ದಿನಾ ಬಿಪಿ ನೋಡಿ, ತಲೆನೋವು ಬಂದರೆ ತಕ್ಷಣ ಬನ್ನಿ ಎಂದಿತ್ತು. ನಾನು ಮಾತ್ರೆಗಳ ಪಟ್ಟಿಯನ್ನಷ್ಟೇ ಓದಿದ್ದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಒಂದು ಹೊತ್ತೂ ತಪ್ಪಿಸಲಿಲ್ಲ.

ಅದೇ ವಾರ ಒಂದು ರಾತ್ರಿ, "ಎಡಗಣ್ಣಿನ ಹಿಂದೆ ಸಿಡೀತಿದೆ ಕಣೋ" ಅಂದರು. ನಿದ್ದೆಗೆಟ್ಟಿದ್ದಕ್ಕೆ ಇರಬೇಕೆಂದು ಪ್ಯಾರಸಿಟಮಾಲ್ ಕೊಟ್ಟು ಮಲಗಿಸಿದೆ. ಬಿಪಿ ಮೆಷಿನ್ನು ಮಂಚದ ಪಕ್ಕದ ಕಪಾಟಿನಲ್ಲೇ ಇತ್ತು, ಕೈಗೆತ್ತಿಕೊಳ್ಳಲಿಲ್ಲ. ಬೆಳಗಿನ ಜಾವ ಫಿಟ್ಸ್ ಬಂತು. ಆಸ್ಪತ್ರೆ ಮುಟ್ಟುವಾಗ ಬಿಪಿ 200 ದಾಟಿತ್ತು. ಸಿ.ಟಿ.ಯಲ್ಲಿ ಎಡ ಮಿದುಳಿನೊಳಗೆ ರಕ್ತಸ್ರಾವ ಕಂಡಿತು.

ಇದಕ್ಕೆ ಹೈಪರ್‌ಪರ್ಫ್ಯೂಷನ್ ಎನ್ನುತ್ತಾರೆ. ಬಹುಕಾಲ ಕಡಿಮೆ ರಕ್ತಕ್ಕೆ ಒಗ್ಗಿದ ಮಿದುಳಿನ ಸಣ್ಣ ನಾಳಗಳು ಹಿಗ್ಗಿಕೊಂಡೇ ಇದ್ದು, ಬೇಕಾದಾಗ ಕುಗ್ಗುವ ಶಕ್ತಿ ಕಳೆದುಕೊಂಡಿರುತ್ತವೆ. ಸ್ಟೆಂಟ್ ದಾರಿ ಬಿಡಿಸಿದೊಡನೆ, ಬತ್ತಿದ ಕಾಲುವೆಗೆ ಒಮ್ಮೆಲೇ ತೂಬು ಎತ್ತಿದ ಹಾಗೆ ರಕ್ತ ನುಗ್ಗುತ್ತದೆ. ಜೊತೆಗೆ ಬಿಪಿಯೂ ಏರಿದರೆ ಮಿದುಳು ಬಾತುಕೊಳ್ಳಬಹುದು, ನಾಳ ಒಡೆಯಬಹುದು. ಅಪರೂಪದ ತೊಡಕು ನಿಜ, ಆದರೆ ರಕ್ತಸ್ರಾವವಾದರೆ ಪ್ರಾಣಕ್ಕೇ ಅಪಾಯ. ಸ್ಟೆಂಟ್ ಮುಚ್ಚದಿರಲೆಂದು ನಾನು ಅಷ್ಟು ನಿಷ್ಠೆಯಿಂದ ಕೊಟ್ಟ ಮಾತ್ರೆಗಳೇ ಸೋರುವ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಹಾಗೆಂದು ಡಾಕ್ಟರನ್ನು ಕೇಳದೆ ಅವನ್ನು ನಿಲ್ಲಿಸುವಂತೆಯೂ ಇಲ್ಲ. ಮನೆಯವರ ಕೈಲಿರುವುದು ಬಿಪಿಯ ಮೇಲಿನ ಕಣ್ಣೊಂದೇ.

ಅಪ್ಪ ಉಳಿದರು. ಮಾತು ಪೂರ್ತಿ ಮರಳಲಿಲ್ಲ. ನನ್ನ ಹೆಸರು ಅವರ ಬಾಯಿಗೆ ಬರುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕತ್ತಿನ ಧಮನಿಗೆ ಸ್ಟೆಂಟ್ ಹಾಕಿದ್ದರೆ, ಮೊದಲ ತಿಂಗಳು ಬೆಳಿಗ್ಗೆ ಸಂಜೆ ಬಿಪಿ ನೋಡಿ ಬರೆದಿಡಿ. ಸ್ಟೆಂಟ್ ಇರುವ ಕಡೆಯೇ ತಲೆ ನೋಯುತ್ತಿದೆ ಅಂದರೆ, ನಡುರಾತ್ರಿಯಾದರೂ ಸರಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ.