ಗೆರೆ ಮೇಲಿನ ಚೆಂಡು

ಜಪಾನಿನ ಫುಟ್ಬಾಲ್ ಆಟಗಾರ ಕೌರು ಮಿತೋಮ ನಮ್ಮ ಚೋರನೂರಿನ ಹುಡುಗರಿಗೂ ಗೊತ್ತು. ರಾತ್ರಿ ಮೆಕ್ಕೆಜೋಳದ ರಾಶಿ ಕಾಯಲು ಹೋದವರ ಮೊಬೈಲಿನಲ್ಲಿ ಓಡುವುದು ಅವನ ರೀಲ್ಸೇ. ಎಡ ಅಂಚಿನಲ್ಲಿ ಚೆಂಡು ಹಿಡಿದು ಬರುತ್ತಾನೆ, ಎದುರಾಳಿಯ ಮುಂದೆ ಅರೆಗಳಿಗೆ ನಿಂತಂತೆ ಮಾಡುತ್ತಾನೆ, ಎದುರಾಳಿ ಒಂದು ಕಾಲಿನ ಮೇಲೆ ಭಾರ ಹಾಕಿದ ಕೂಡಲೇ ಇನ್ನೊಂದು ಬದಿಯಿಂದ ಹಾರಿಹೋಗುತ್ತಾನೆ.

ಲೋಕವೆಲ್ಲ ಹಂಚಿಕೊಂಡದ್ದು ಮಾತ್ರ ಬೇರೆಯದೇ ಒಂದು ಗಳಿಗೆ. 2022ರ ಡಿಸೆಂಬರ್ 1, ಕತಾರ್ ವಿಶ್ವಕಪ್ಪಿನಲ್ಲಿ ಸ್ಪೇನ್ ವಿರುದ್ಧದ ಪಂದ್ಯ. ಚೆಂಡು ಗೋಲಿನ ಪಕ್ಕದ ಗೆರೆ ದಾಟಿಯೇ ಹೋಯಿತು ಅನ್ನುವಾಗ ಮಿತೋಮ ಕಾಲು ಚಾಚಿ ಅದನ್ನು ಒಳಕ್ಕೆ ಎಳೆದ. ಆವೊ ತನಾಕ ಗೋಲು ಹೊಡೆದ. ವಿಡಿಯೊ ಪರಿಶೀಲನೆ ಮುಗಿಯುವವರೆಗೆ ಯಾರಿಗೂ ಉಸಿರಿಲ್ಲ. ಕೊನೆಗೆ ಜಪಾನ್ 2-1ರಿಂದ ಗೆದ್ದಿತು. ಮೇಲಿನಿಂದ ತೆಗೆದ ಫೋಟೊವನ್ನು ನನ್ನ ಅಕ್ಕನ ಮಗ ಎರಡು ಬೆರಳಲ್ಲಿ ಹಿಗ್ಗಿಸಿ ತೋರಿಸಿದ್ದ. “ಮಾಮಾ, ತಳ ನೋಡಬ್ಯಾಡ, ಚೆಂಡಿನ ಹೊಟ್ಟಿ ನೋಡು. ಗೆರಿ ಮ್ಯಾಲೇ ಐತಿ!” ನೆಲಕ್ಕೆ ತಾಗಿದ ಜಾಗ ಹೊರಗಿದ್ದರೂ ಚೆಂಡು ಪೂರ್ತಿ ಗೆರೆ ದಾಟದಿದ್ದರೆ ಆಟ ನಡೆಯುತ್ತದೆ ಅನ್ನುವ ನಿಯಮವನ್ನು ಅವನಿಗೆ ಯಾವ ಪಿ.ಟಿ. ಮೇಷ್ಟ್ರೂ ಹೇಳಿರಲಿಲ್ಲ. ಆ ಒಂದು ಫೋಟೊ ಹೇಳಿತು.

ಹಾಗಾಗಿ ಮೊಬೈಲಿನ ಜನಪ್ರಿಯತೆ ಬರೀ ಪೊಳ್ಳು ಎಂದು ಮೂಗು ಮುರಿಯುವವರ ಮಾತು ನಾನು ಒಪ್ಪುವುದಿಲ್ಲ. ಮಿತೋಮ ಹದಿನೆಂಟಕ್ಕೇ ವೃತ್ತಿಪರ ಕ್ಲಬ್ಬಿನ ಕರೆ ಬಿಟ್ಟು ತ್ಸುಕುಬಾ ವಿಶ್ವವಿದ್ಯಾಲಯ ಸೇರಿದವನು. ಜೊತೆಗಾರರ ತಲೆಗೆ ಕ್ಯಾಮೆರಾ ಕಟ್ಟಿ, ಒಳ್ಳೆಯ ಆಟಗಾರನ ಕಣ್ಣು ಎಲ್ಲಿರುತ್ತದೆ ಎಂದು ನೋಡಿ, ಡ್ರಿಬ್ಲಿಂಗ್ ಬಗ್ಗೆಯೇ ಪ್ರಬಂಧ ಬರೆದ. ಓದು ಬಿಟ್ಟರೇನೇ ಆಟ ಎಂದುಕೊಂಡ ನಮ್ಮ ಹುಡುಗರ ಕಿವಿಗೆ ಈ ಸುದ್ದಿ ಬಿದ್ದದ್ದೂ ಅದೇ ಮೊಬೈಲಿನಿಂದ. ಎಷ್ಟು ಒಳ್ಳೆಯದಾಯಿತು!

ಆದರೆ ಬೆರಳು ಒತ್ತಿದ ಪ್ರೀತಿ ಮೈದಾನಕ್ಕೂ ಬರಬೇಕು. ಇದನ್ನು ಬಾಯಿಬಿಟ್ಟು ಕೇಳಿದವನು ಆಗ ಭಾರತ ತಂಡದ ನಾಯಕನಾಗಿದ್ದ, ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದಾಗ ನೋಡಲು ಬಂದವರು ಸುಮಾರು 2,500 ಜನ. ಮರುದಿನ ಛೆಟ್ರಿ ವಿಡಿಯೊದಲ್ಲಿ ಕೈಮುಗಿದು ಕರೆದ. ಜೂನ್ 4ರಂದು ಕೆನ್ಯಾ ವಿರುದ್ಧ ಭಾರತದ ಪರ ಅವನ ನೂರನೇ ಪಂದ್ಯ. ಸುರಿಯುವ ಮಳೆಯಲ್ಲೂ ಕ್ರೀಡಾಂಗಣ ತುಂಬಿತ್ತು. ಅವನೇ ಎರಡು ಗೋಲು ಹೊಡೆದ.

ಆ ಛೆಟ್ರಿಯ ಕ್ಲಬ್ಬಿನ ಕಿರಿಯರು ಬೆಳೆದದ್ದು ಎಲ್ಲಿ ಗೊತ್ತೇ? ನಮ್ಮದೇ ಸಂಡೂರು ತಾಲ್ಲೂಕಿನ ಇನ್ನೊಂದು ತುದಿ, ತೋರಣಗಲ್ಲಿನ ಹತ್ತಿರ. ಅವರು ಪಳಗಿದ, ಅಲ್ಲಿ 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅಂದರೆ ಈಟಿ ಎಸೆತದ ನೀರಜ್ ಚೋಪ್ರಾ ತರಬೇತಿ ಪಡೆದ ಜಾಗ ಎಂದು ನಮ್ಮವರು ಹೇಳುತ್ತಾರೆ, ಅಷ್ಟೇ. ಮನೆ ಬಿಟ್ಟು ದೂರದೂರದ ರಾಜ್ಯಗಳಿಂದ ಬಂದು, ಬಳ್ಳಾರಿಯ ಬಿಸಿಲಲ್ಲಿ ಚೆಂಡು ಒದ್ದ ಹುಡುಗರ ಒಂದು ಹೆಸರೂ ಇಲ್ಲಿ ಯಾರ ಬಾಯಲ್ಲೂ ಇಲ್ಲ. ಅವರ ರೀಲ್ಸ್ ನಮ್ಮ ಊರಿಗೆ ಬಂದಿಲ್ಲ. ಜಪಾನಿನ ಗೆರೆ ಅಳೆದ ಕಣ್ಣುಗಳಿಗೆ ಇವರ ಆಟವೂ ಬೀಳಬೇಕು ಎಂಬುದೇ ನನ್ನ ಆಸೆ.

ಅಕ್ಕನ ಮಗನಿಗೆ ಇದನ್ನು ಹೇಳಿದೆ. “ಅಲ್ಲಿ ಎಡಗಡೆ ಆಡೋನು ಯಾರು ಮಾಮಾ?” ಎಂದು ಅವನ ಮೊದಲ ಪ್ರಶ್ನೆ. ಬೇಸಿಗೆ ರಜೆಯಲ್ಲಿ ಹೋಗಿಬರೋಣ ಎಂದಿದ್ದೇನೆ; ಒಳಗೆ ಬಿಡುತ್ತಾರೋ ಇಲ್ಲವೋ ಫೋನ್ ಮಾಡಿ ವಿಚಾರಿಸಬೇಕು.