ಹೆಸರು ಒಂದೇ, ಗುರುತು ಬೇರೆ

ನಮ್ಮ ಹೂಗ್ಯಂ ಸೀಮೆಯಲ್ಲಿ ನಿಂತು ‘ಮಾದೇವಾ’ ಎಂದು ಒಮ್ಮೆ ಕೂಗಿ ನೋಡಿ. ನಾಲ್ಕು ಜನವಾದರೂ ತಿರುಗಿ ನೋಡುತ್ತಾರೆ. ಮಾದಪ್ಪನ ಬೆಟ್ಟ ಇಷ್ಟು ಹತ್ತಿರವಿರುವಾಗ ಮಕ್ಕಳಿಗೆ ಬೇರೆ ಹೆಸರು ಯಾಕೆ ಹುಡುಕಬೇಕು? ಗಂಡಾದರೆ ಮಹದೇವ, ಹೆಣ್ಣಾದರೆ ಮಹದೇವಮ್ಮ. ಹಾಜರಿ ಪುಸ್ತಕ ಹಿಡಿದು ನಿಲ್ಲುವ ನಮ್ಮಂಥವರ ಪಾಡು ಮಾತ್ರ ಆ ಮಾದಪ್ಪನಿಗೇ ಪ್ರೀತಿ.

ಆ ವರ್ಷ ಒಂಬತ್ತನೆಯ ತರಗತಿಯಲ್ಲಿ ಎಂ. ಮಹದೇವಮ್ಮ ಎಂಬ ಹೆಸರಿನವರೇ ಇಬ್ಬರಿದ್ದರು. ಒಬ್ಬಳು ಹಳ್ಳದ ಕಡೆಯವಳು, ಇನ್ನೊಬ್ಬಳು ಮೇಗಲ ಬೀದಿಯವಳು. ಮನೆ ಇರುವ ಜಾಗವೇ ನನಗೆ ಅವರ ಗುರುತು. ಇಷ್ಟು ಬಲ್ಲವಳು ಯಂತ್ರದ ವಿಷಯದಲ್ಲಿ ಎಡವಿದ್ದು ಹೇಗೆಂದು ಹೇಳುತ್ತೇನೆ ಕೇಳಿ.

ನಾನು ಕನ್ನಡ, ಸಮಾಜ ಕಲಿಸುವವಳು. ಆದರೂ ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಸೆರಗಿಗೇ ಬಂದು ಬಿದ್ದಿತ್ತು. ಅಲ್ಲಿದ್ದದ್ದು ಉಬುಂಟು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದರ ತಿರುಳು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಕಾಸು ಕೊಡಬೇಕಾಗಿಲ್ಲ.

ವಿಜ್ಞಾನ ಪ್ರದರ್ಶನಕ್ಕೆಂದು ಮಕ್ಕಳು ಎರಡು ಪಾತಿ ಮಾಡಿ ಅವರೆ ಹಾಕಿದ್ದರು. ಒಂದಕ್ಕೆ ಒಣ ಸೊಪ್ಪಿನ ಹೊದಿಕೆ, ಇನ್ನೊಂದು ಬರಿಯ ಮಣ್ಣು. ಯಾವುದರಲ್ಲಿ ತೇವ ಹೆಚ್ಚು ದಿನ ನಿಲ್ಲುತ್ತದೆಂದು ಅಳೆಯಲು ಎರಡು ಪುಟ್ಟ ಬೋರ್ಡುಗಳನ್ನು ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಸೇರಿಸಿದ್ದೆವು. ಪರದೆಯ ಮೇಲೆ ಬಂದ ಅಂಕಿಗಳನ್ನು ದಿನವೂ ನೋಟ್‌ಬುಕ್ಕಿಗೆ ಇಳಿಸುವ ಕೆಲಸ ಹಳ್ಳದ ಕಡೆಯ ಮಹದೇವಮ್ಮನದು.

ಹದಿನೈದು ದಿನ ಚೆನ್ನಾಗಿ ನಡೆಯಿತು. ಆಮೇಲೆ ನೋಡಿದರೆ ಬರಿಯ ಪಾತಿಯೇ ಹೆಚ್ಚು ತೇವ, ಸೊಪ್ಪಿನ ಪಾತಿ ಒಣ! ‘ಮನಸ್ಸು ಎಲ್ಲಿಟ್ಟುಕೊಂಡು ಬರೆಯುತ್ತೀ? ಎಲ್ಲ ಅದಲು ಬದಲು ಮಾಡಿದ್ದೀಯ’ ಎಂದು ಎಲ್ಲರೆದುರಿಗೇ ಗದರಿದೆ. ‘ಅದು ತೋರಿಸಿದ್ದೇ ಬರ್ದಿವ್ನಿ ಮೇಡಂ’ ಎಂದಳು, ತಲೆ ಎತ್ತದೆ. ಎದುರು ಮಾತೆಂದು ಇನ್ನೆರಡು ಮಾತು ಹೆಚ್ಚಿಗೆ ಆಡಿದೆ. ಮಾರನೆಯ ದಿನದಿಂದ ಅವಳು ಆ ಕೋಣೆಯ ಕಡೆ ಸುಳಿಯಲಿಲ್ಲ.

ಮೈಸೂರಿನಲ್ಲಿ ನನ್ನ ಜೊತೆ ಬಿ.ಎಡ್. ಓದಿದ ಗೆಳತಿಯೊಬ್ಬಳು ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಯಲ್ಲಿದ್ದಾಳೆ. ಕೇರಳದ ಶಾಲೆಗಳಲ್ಲಿ ಈ ಬಗೆಯ ಮುಕ್ತ ತಂತ್ರಾಂಶವೇ ಬಳಕೆಯಲ್ಲಿರುವುದರಿಂದ ಅವಳಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ. ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ, ‘ನಡುವೆ ಕರೆಂಟು ಹೋಗಿತ್ತಾ ಮಾರಾಯ್ತಿ?’

ಆಗ ತಿಳಿಯಿತು. ಲಿನಕ್ಸಿನ ಒಡಲಾದ ಕರ್ನಲ್ ಇಂಥ ಬೋರ್ಡುಗಳಿಗೆ ಕಂಡ ಸರದಿಯಂತೆ ಹೆಸರು ಕೊಡುತ್ತದೆ. ಮೊದಲು ಕಂಡದ್ದು ‘ಟಿಟಿವೈ ಯುಎಸ್‌ಬಿ 0’, ಆಮೇಲಿನದು ‘ಟಿಟಿವೈ ಯುಎಸ್‌ಬಿ 1’. ಕಂಪ್ಯೂಟರ್ ಆರಿ ಮತ್ತೆ ಹೊತ್ತಿದಾಗ ಸರದಿ ತಿರುಗಿದರೆ ಹೆಸರೂ ತಿರುಗುತ್ತದೆ. ಇದಕ್ಕೆ ಮದ್ದು ‘ಯುಡೆವ್’ ಎಂಬ ಭಾಗ. 2003ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಹೊರತಂದದ್ದು. ಗುರುತು ಹೇಳಿ ಒಂದು ಸಾಲು ನಿಯಮ ಬರೆದಿಟ್ಟರೆ ಆ ಗುರುತಿನ ಸಾಧನಕ್ಕೆ ನಾವು ಹೇಳಿದ ಅಡ್ಡಹೆಸರನ್ನು ಅದು ಸೇರಿಸುತ್ತದೆ.

ಬರೆದೆ. ಕೆಲಸ ಮಾಡಲಿಲ್ಲ. ‘ಯುಡೆವ್‌ಎಡಿಎಂ ಇನ್ಫೋ’ ಎಂಬ ಆಜ್ಞೆ ಕೊಟ್ಟರೆ ಸಾಧನದ ವಂಶಾವಳಿಯೇ ಬರುತ್ತದೆ: ಅದು, ಅದರಪ್ಪ, ಅಜ್ಜ, ಮುತ್ತಜ್ಜ. ನಾನು ಒಂದು ಗುರುತನ್ನು ಅಪ್ಪನಿಂದ, ಇನ್ನೊಂದನ್ನು ಅಜ್ಜನಿಂದ ಎತ್ತಿ ಒಂದೇ ಸಾಲಿಗೆ ಸೇರಿಸಿದ್ದೆ. ಸಾಧನದ ಸ್ವಂತ ಗುರುತಿನ ಜೊತೆಗೆ ಹಿರಿಯರಲ್ಲಿ ಯಾರಾದರೂ ಒಬ್ಬರದೇ ಗುರುತು ಇರಬೇಕಂತೆ. ತಿದ್ದಿದೆ. ಮತ್ತೆ ಇಲ್ಲ. ಹೋಲಿಸಿ ನೋಡು ಎನ್ನಲು ಸಮ ಚಿಹ್ನೆ ಎರಡು ಸಲ ಬೇಕು. ನಾನು ಒಂದೇ ಹಾಕಿದ್ದೆ. ‘ಎರಡು ಹಾಕಿದರೆ ಹೀಗಿದೆಯಾ ಅಂತ ಕೇಳಿದ ಹಾಗೆ, ಒಂದು ಹಾಕಿದರೆ ಹೀಗಿರಲಿ ಅಂತ ಹೇಳಿದ ಹಾಗೆ’ ಎಂದಳು ಗೆಳತಿ. ಕೇಳದೆ ಹೇಳಿಬಿಡುವುದು ನನ್ನ ಹಳೆಯ ಚಾಳಿ. ಆ ಮಾತು ನನಗೆ ಬೇರೆಲ್ಲೋ ನಾಟಿತು.

ಮೂರನೆಯ ಸಲ ಎರಡೂ ಬೋರ್ಡುಗಳು ಒಂದೇ ಅಡ್ಡಹೆಸರಿಗೆ ಜಗ್ಗಾಡಿದವು. ತಯಾರಕರ ಸಂಖ್ಯೆ ಒಂದೇ, ಮಾದರಿಯ ಸಂಖ್ಯೆ ಒಂದೇ. ಅಗ್ಗದ ಬೋರ್ಡುಗಳಾದ್ದರಿಂದ ಒಂದೊಂದಕ್ಕೂ ಬೇರೆಯಾಗಿ ಇರಬೇಕಾದ ಕ್ರಮಸಂಖ್ಯೆಯೇ ಇಲ್ಲ. ‘ಇನ್ನು ಹೇಗೆ ಗುರುತಿಸುವುದೇ?’ ಎಂದು ಕೇಳುತ್ತಿದ್ದಂತೆ ಉತ್ತರ ನನಗೇ ಹೊಳೆಯಿತು. ಹಳ್ಳದ ಕಡೆ, ಮೇಗಲ ಬೀದಿ! ತಂತಿ ಸಿಕ್ಕಿಸಿದ ಕಿಂಡಿ ಯಾವುದೆಂಬುದೂ ಆ ವಂಶಾವಳಿಯಲ್ಲೇ ಇರುತ್ತದೆ. ಕಿಂಡಿಯನ್ನೇ ಗುರುತು ಮಾಡಿ ನಿಯಮ ಬರೆದೆ. ನಿಯಮಗಳನ್ನು ಮತ್ತೆ ಓದಿಕೊಳ್ಳಲು ಯುಡೆವ್‌ಗೆ ಹೇಳಿ, ತಂತಿಗಳನ್ನು ಕಿತ್ತು ಸಿಕ್ಕಿಸಿದೆ. ಬೇಕೆಂದೇ ಸರದಿ ಬದಲಿಸಿದರೂ ‘ಸೊಪ್ಪು’ ಸೊಪ್ಪೇ ಆಗಿತ್ತು, ‘ಬರಿ’ ಬರಿಯೇ.

ಹಳೆಯ ಅಂಕಿಗಳ ಗತಿ? ಯಾವ ದಿನದಿಂದ ಅದಲು ಬದಲಾಗಿದೆಯೆಂದು ಹುಡುಕಲು ಆ ಹುಡುಗಿಯ ನೋಟ್‌ಬುಕ್ ತೆಗೆದೆ. ಹದಿನಾರನೆಯ ದಿನದ ಪಕ್ಕ, ಮಾರ್ಜಿನ್ನಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿತ್ತು: ‘ಕರೆಂಟು ಹೋಗಿ ಬಂತು. ಆಮೇಲೆ ಲೆಕ್ಕ ಬೇರೆ ಥರ ಇದೆ.’

ಮಾರ್ಜಿನ್ ಬಿಡಿ, ಮಾರ್ಜಿನ್ ಬಿಡಿ ಎಂದು ಮಕ್ಕಳಿಗೆ ಮೂವತ್ತು ವರ್ಷ ಹೇಳಿದವಳು ನಾನು. ಅಲ್ಲಿ ಏನು ಬರೆದಿದ್ದಾರೆಂದು ನೋಡಿರಲಿಲ್ಲ.

ಅವಳನ್ನು ಕರೆದು, ಗದರಿದ ತರಗತಿಯ ಎದುರಿಗೇ, ‘ತಪ್ಪು ನನ್ನದು ಕಣಮ್ಮ, ನೀನು ಸರಿಯಾಗಿಯೇ ಬರೆದಿದ್ದೆ’ ಎಂದೆ. ಅವಳು ಏನೂ ಹೇಳಲಿಲ್ಲ. ಸಂಜೆ ಕೋಣೆಗೆ ಬಂದು ನಿಯಮದ ಸಾಲನ್ನು ಓದಿಸಿಕೊಂಡು, ‘ಯಾರಾದ್ರೂ ಕಿಂಡಿ ಬದಲಾಯಿಸಿದ್ರೆ ಮೇಡಂ?’ ಎಂದು ಕೇಳಿದಳು. ನನಗೆ ತೋಚದೇ ಹೋದ ಪ್ರಶ್ನೆ. ಮಾರನೆಯ ದಿನ ಮೇಗಲ ಬೀದಿಯ ಮಹದೇವಮ್ಮ ಉಗುರುಬಣ್ಣದ ಶೀಸೆ ತಂದಳು. ಇಬ್ಬರೂ ಸೇರಿ ಒಂದು ಕಿಂಡಿಗೂ ಅದರ ತಂತಿಗೂ ಕೆಂಪು ಬೊಟ್ಟಿಟ್ಟರು.

ಆ ಬೊಟ್ಟು ಈಗಲೂ ಅಳಿಸಿಲ್ಲ.